ಟೈಲರಕ್ಕನಿಗೆ ಸಿಗದ ಸಾಕ್ಷಿ

ಮೊನ್ನೆ ಕಡೂರಿನಲ್ಲಿ ರವಿಕೆ ಹೊಲಿಸಲು ಹೋದ ಅಂಗಡಿಯಲ್ಲಿ ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅಜ್ಜಂಪುರದ ನಮ್ಮ ಹಳೆಯ ಬೀದಿಯ ಟೈಲರಕ್ಕ ಕಣ್ಣ ಮುಂದೆ ಬಂದಳು... ಅಳತೆ ಕೊಡದೆ ಹಾಗೇ ಹೊರಗೆ ಬಂದುಬಿಟ್ಟೆ.

ಅವಳದು ನಮ್ಮ ಎದುರು ಮನೆ. ಗಂಡ ಹೆಂಡತಿ ಇಬ್ಬರೇ. ಸರ್ಕಾರದ ಪೋಷಕತ್ವ ಯೋಜನೆಯಲ್ಲಿ ಐದು ವರ್ಷದ ಹುಡುಗಿಯೊಬ್ಬಳನ್ನು ಸಾಕಲು ಕರೆತಂದರು. ಬಂದ ದಿನವೇ ಅಕ್ಕ ಅವಳಿಗೆ ಲಂಗದ ಅಳತೆ ತೆಗೆಯಲು ಅಂಗಿ ಎತ್ತಿದಾಗ ನಾನೂ ಅಲ್ಲೇ ಇದ್ದೆ. ಹೊಟ್ಟೆಯ ಮೇಲೆ ಮೂರು ಗೆರೆ. ಕೂಸಾಗಿದ್ದಾಗ ಕಾಮಾಲೆಗೆಂದು ಯಾರೋ ಕಬ್ಬಿಣ ಕಾಯಿಸಿ ಹಾಕಿಸಿದ ಬರೆ.

“ಯಾವ ಪಾಪಿ ಹಾಕ್ಸಿದ್ನೋ ಕಣೇ,” ಎಂದು ಅಕ್ಕ ಅದರ ಮೇಲೆ ಕೈಯಾಡಿಸಿದಳು. ನಮ್ಮ ಕಡೆ ಅಂಥ ಗುರುತು ಎಷ್ಟು ಮಾಮೂಲಿಯೆಂದರೆ, ಅದನ್ನು ಮಗುವಿನ ಕಾಗದದಲ್ಲಿ ಬರೆಸಬೇಕೆಂದು ಅವಳಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಎರಡು ವರ್ಷವಾದ ಮೇಲೆ ಯಾರೋ ಪುಣ್ಯಾತ್ಮರು ಸಹಾಯವಾಣಿಗೆ ಫೋನ್ ಮಾಡಿದರು. ಸಾಕುತಾಯಿ ಸೌಟು ಕಾಯಿಸಿ ಮಗುವನ್ನು ಸುಡುತ್ತಾಳಂತೆ! ವಿಚಾರಣೆ ಮುಗಿಯುವವರೆಗೆ ಹುಡುಗಿಯನ್ನು ಬಾಲಮಂದಿರಕ್ಕೆ ಕರೆದೊಯ್ದರು. ಡಾಕ್ಟರು ಹಳೆಯ ಗುರುತು ಎಂದರಂತೆ, ಆದರೆ ಎಷ್ಟು ಹಳೆಯದೆಂದು ಹೇಳಲಾಗಲಿಲ್ಲವಂತೆ. ಕೂಸಾಗಿದ್ದಾಗಿನ ಸಂಗತಿ ಹುಡುಗಿಗೆ ತಾನೇ ಹೇಗೆ ನೆನಪಿರಬೇಕು?

ಅಕ್ಕ ನಮ್ಮ ಮನೆಗೆ ಓಡಿ ಬಂದಳು. “ಬರುವಾಗ್ಲೇ ಇತ್ತು ಅಂತ ನೋಡಿದವ್ರು ಒಬ್ರು ಹೇಳಿದ್ರೆ ಸಾಕಂತೆ. ನೀನು ನೋಡಿದ್ಯಲ್ಲೇ! ಅಷ್ಟು ಹೇಳ್ಬಿಡು, ಮಗು ವಾಪಸ್ ಬತ್ತದೆ.”

“ಹೇಳ್ತೀನಿ ಬಿಡಕ್ಕ,” ಎಂದೆ. ನಾಲಿಗೆಗೇನು ಖರ್ಚು.

ಅಧಿಕಾರಿಣಿ ಬಂದು ಮನೆಮನೆಗೂ ಹೋಗಿ ವಿಚಾರಿಸಿದ ದಿನ ನಮ್ಮ ಬೀದಿಯ ಹೆಂಗಸರ ಪ್ರತಾಪ ನೋಡಬೇಕಿತ್ತು. ಮದುವೆ ಬಂತೆಂದರೆ ಅಕ್ಕನ ಬಾಗಿಲು ಬಡಿದು ಬಡಿದು ರವಿಕೆ ಹೊಲಿಸಿಕೊಂಡವರು ಇವರೇ. ಒಬ್ಬಳಿಗೆ ಅವತ್ತೇ ತರೀಕೆರೆಯಲ್ಲಿ ಕೆಲಸ ಬಿತ್ತು. ಇನ್ನೊಬ್ಬಳಿಗೆ ಮೊಣಕಾಲು ಹಿಡಿದು ಬಾಗಿಲವರೆಗೂ ಬರಲಾಗಲಿಲ್ಲ. ಮೂಲೆ ಮನೆಯವಳು ಬಾಗಿಲ ಸಂದಿಯಿಂದಲೇ, “ನಮ್ಗೇನೂ ಗೊತ್ತಿಲ್ಲ ಕಣ್ರೀ,” ಎಂದಳು. ಬರೆ ಯಾವುದು, ಸೌಟಿನ ಸುಟ್ಟ ಗಾಯ ಯಾವುದು ಎಂದು ಕಣ್ಣುಮುಚ್ಚಿ ಹೇಳಬಲ್ಲ ಹೆಂಗಸರು ಇವರೆಲ್ಲ. ಆದರೆ ಹೇಳಿದರೆ “ನಿಮಗೆ ಹೇಗೆ ಗೊತ್ತು?” ಎಂಬ ಪ್ರಶ್ನೆ ಬರುತ್ತದಲ್ಲ! ಅದರ ಉತ್ತರ ಅವರವರ ಮಕ್ಕಳ ಅಂಗಿಯ ಕೆಳಗೇ ಇತ್ತು. ಕೂಸಿಗೆ ಬರೆ ಹಾಕಿಸಿದರೆ ಕೇಸಾಗುತ್ತದೆಂದು ಆಶಾ ಕಾರ್ಯಕರ್ತೆ ಆಗತಾನೇ ಎಲ್ಲರಿಗೂ ಹೇಳಿ ಹೋಗಿದ್ದಳು.

ಈ ಹೇಡಿಗಳ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತವಳು ನಾನು. ನನ್ನ ಮಗಳ ಹೊಟ್ಟೆಗೂ ನಾನೇ ಬರೆ ಹಾಕಿಸಿದ್ದೆ. ಅಧಿಕಾರಿಣಿ ಪಾಪ, ಎರಡೆರಡು ಸಲ ಕೇಳಿದರು.

“ನಾನು ಸರಿಯಾಗಿ ನೋಡ್ಲಿಲ್ಲ ಮೇಡಂ.”

ಎದುರು ಬಾಗಿಲಲ್ಲಿ ನಿಂತಿದ್ದ ಅಕ್ಕನಿಗೆ ಅದು ಕೇಳಿಸಿತು. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು...

ಆರೋಪ ಸಾಬೀತಾಗಲಿಲ್ಲ. ಸುಳ್ಳೆಂದೂ ತೀರ್ಮಾನವಾಗಲಿಲ್ಲ. ಹುಡುಗಿಯನ್ನು ಬೇರೆ ಯಾವುದೋ ಮನೆಗೆ ಕೊಟ್ಟರಂತೆ. ಮಗುವನ್ನು ಸುಟ್ಟವಳು ಎಂಬ ಹೆಸರು ಹೊತ್ತು ಅಕ್ಕ ಗಂಡನೊಂದಿಗೆ ತವರೂರು ಚೌಳಹಿರಿಯೂರಿಗೆ ಹೋದಳು. ಆಮೇಲೆ ಮಿಷನ್ ಮುಟ್ಟಲಿಲ್ಲವೆಂದು ಕೇಳಿದೆ.

ಹೋದ ವರ್ಷ ಅಕ್ಕ ತೀರಿಕೊಂಡಳು. ಶಿವಗಣಾರಾಧನೆಗೆ ಇಡೀ ಬೀದಿಯೇ ಗಾಡಿ ಮಾಡಿಕೊಂಡು ಹೊರಟಿತು. ಸಾಕ್ಷಿ ಹೇಳಲು ಬಾಗಿಲವರೆಗೂ ಬಾರದ ಮೊಣಕಾಲು ಅವತ್ತು ಚೌಳಹಿರಿಯೂರಿನವರೆಗೂ ಬಂತು. ಮಗುವನ್ನು ಕಳೆದುಕೊಂಡು ಅಕ್ಕ ಸವೆದುಹೋದಳೆಂದು ಎಲ್ಲರೂ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಎಲ್ಲೋ ಬೆಳೆಯುತ್ತಿರುವ ಆ ಹುಡುಗಿಗೆ ಸುದ್ದಿ ಮುಟ್ಟಿಸಲು ಅವಳ ವಿಳಾಸ ಕೂಡ ನಮ್ಮಲ್ಲಿ ಯಾರ ಹತ್ತಿರವೂ ಇರಲಿಲ್ಲ.

“ಅಕ್ಕ ಅಂಥವ್ಳಲ್ಲ ಅಂತ ನಮ್ಗೆಲ್ಲ ಆವಾಗ್ಲೇ ಗೊತ್ತಿತ್ತು, ಅಲ್ವೇನೇ?” ಎಂದಳು ಮೂಲೆ ಮನೆಯವಳು.

ನಾನು ಹೌದೆಂದು ತಲೆಯಾಡಿಸಿ, ಅವಳ ಪಕ್ಕದಲ್ಲೇ ಊಟಕ್ಕೆ ಕುಳಿತೆ.