ಘಟದ ಕೆಳಗಿನ ಪುಸ್ತಕಗಳು

ನನಗೆ ಒಂದು ಕಡೆ ಕೂತು ಗೊತ್ತಿಲ್ಲ. ನಿವೃತ್ತಿಯಾದ ಮೇಲಾದರೂ ಇವಳು ಮನೆಯಲ್ಲಿ ಸುಮ್ಮನಿರುತ್ತಾಳೆ ಎಂದುಕೊಂಡಿದ್ದ ನನ್ನ ಯಜಮಾನರಿಗೆ ಆ ನಿರಾಸೆ ಇನ್ನೂ ತೀರಿಲ್ಲ. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಅಂತ ತಾಲೂಕು ಸುತ್ತಿ ಶಾಲೆಗಳಲ್ಲಿ ಕನ್ನಡ ಕಲಿಸಿ, ಕೊನೆಗೆ ಬೆಟಗೇರಿಯ ನಮ್ಮ ನೇಕಾರರ ಓಣಿಗೇ ಮರಳಿದವಳು ನಾನು. ಹೋದ ಕಡೆಯಲ್ಲೆಲ್ಲ ನನ್ನನ್ನು ಕೆರಳಿಸಿದ್ದು ಪುಸ್ತಕದ ಕಪಾಟಿನ ಬೀಗ. ಪುಸ್ತಕಗಳು ಬರುತ್ತಿದ್ದವು, ಮುದ್ರೆ ಬೀಳುತ್ತಿತ್ತು, ಒಳಗೆ ಹೋಗುತ್ತಿದ್ದವು. ಒಂದು ಕಳೆದರೂ ತಮ್ಮ ತಲೆಗೆ ಬರುತ್ತದೆಂದು ಉಸ್ತುವಾರಿಯವರು ಯಾರಿಗೂ ಕೊಡುತ್ತಿರಲಿಲ್ಲ. ಮಕ್ಕಳು ಗಾಜಿಗೆ ಮೂಗು ಒತ್ತಿ ಪುಸ್ತಕದ ಬೆನ್ನ ಮೇಲಿನ ಹೆಸರು ಓದಿ ಹೋಗುತ್ತಿದ್ದರು.

"ಹುಡುಗರ ಕೈಯಾಗ ಕೊಟ್ರ ಹರೀತಾವ್ರಿ ಅಕ್ಕೋರ" ಎಂದು ಒಬ್ಬ ಮುಖ್ಯೋಪಾಧ್ಯಾಯರು ನನಗೆ ಬುದ್ಧಿ ಹೇಳಿದ್ದರು. ಕಲಿಸುವ ಹೆಂಗಸಿಗೆ ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. "ಹರೀಲಿ ಬಿಡ್ರಿ, ಓದಿ ಹರದ್ರ ಏನಾತು?" ಎಂದೆ. ಅವರು ಆ ವರ್ಷವಿಡೀ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಹಾಗಾಗಿ ನಿವೃತ್ತಿಯಾದ ಮೇಲೆ ನಾನು ಓಣಿಯ ಹಿರಿಯರ ಜೀವ ತಿಂದೆ. ನಮ್ಮ ದೇವಿಯ ಗುಡಿಗೆ ಹೊಂದಿ ಒಂದು ಕೋಣೆ ಇತ್ತು. ಹಳೆಯ ಚಾಪೆ, ಒಡೆದ ಕುರ್ಚಿ ತುಂಬಿಡುವ ಕೋಣೆ. ಅದನ್ನು ಓದುವ ಕೋಣೆ ಮಾಡಿಕೊಡಿ ಎಂದು ಬೆನ್ನು ಹತ್ತಿದೆ. ಇವಳ ಕಾಟ ತಪ್ಪಿದರೆ ಸಾಕೆಂದು ಕೊಟ್ಟರು ಅನ್ನಿಸುತ್ತದೆ. ಸುಣ್ಣ ಬಳಿಸಿದೆವು, ಫ್ಯಾನು ಹಾಕಿಸಿದೆವು, ನನ್ನ ಪುಸ್ತಕಗಳನ್ನೆಲ್ಲ ಅಲ್ಲಿ ತಂದು ಸುರಿದೆ. ಕಪಾಟಿಗೆ ಬಾಗಿಲೇ ಇರಬಾರದೆಂದು ಬಡಿಗನಿಗೆ ತಾಕೀತು ಮಾಡಿದ್ದೆ. ಆದರೆ ಕೋಣೆಯ ಬಾಗಿಲಿನ ಕೀಲಿಯನ್ನು ಹಿರಿಯರು ತಮ್ಮ ಹತ್ತಿರವೇ ಇಟ್ಟುಕೊಂಡರು.

ಆ ಕೋಣೆಗೆ ದಿನವೂ ತಪ್ಪದೆ ಬರುತ್ತಿದ್ದವಳು ಎದುರು ಸಾಲಿನ ಮನೆಯ ಸೊಸೆ. ತವರು ಅಡರಕಟ್ಟಿ. ಅಲ್ಲಿಂದ ದಿನಾ ಬಸ್ಸು ಹತ್ತಿ ಲಕ್ಷ್ಮೇಶ್ವರಕ್ಕೆ ಹೋಗಿ ಬಿ.ಎ. ಮಾಡಿದವಳು, ಆಮೇಲೆ ಬಿ.ಎಡ್. ಕೂಡ ಮುಗಿಸಿದವಳು. ಶಿಕ್ಷಕಿಯಾಗಬೇಕೆಂಬ ಹಟ. ಗಂಡನ ಮನೆಯಲ್ಲಿ ಮಗ್ಗದ ಸದ್ದು, ಮೇಲೆ ಪಕ್ಕದ ಮನೆಯ ಪವರ್‌ಲೂಮ್. ಸದ್ದನ್ನಾದರೂ ಸಹಿಸಬಹುದು. ಅವಳು ಪುಸ್ತಕ ತೆರೆದ ಗಳಿಗೆಗೇ ಯಾರಿಗೋ ಚಹಾ ಬೇಕಾಗುತ್ತಿತ್ತು. ಮನೆಗೊಂದೇ ಇದ್ದ ದೊಡ್ಡ ಫೋನು ಗಂಡನ ಜೊತೆ ಅಂಗಡಿಗೆ ಹೋಗುತ್ತಿತ್ತು. ಅದಕ್ಕೇ ಅವಳು ತನ್ನ ದಪ್ಪ ದಪ್ಪ ಪುಸ್ತಕಗಳನ್ನು ತಂದು ನಮ್ಮ ಕೋಣೆಯಲ್ಲೇ ಇಟ್ಟಿದ್ದಳು. ಪ್ರತಿ ಪುಟದ ಅಂಚಿನಲ್ಲೂ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ ಓದುತ್ತಿದ್ದಳು.

ಅತ್ತೆ ಒಂದು ಕರಾರು ಹಾಕಿದ್ದರು. ಪರೀಕ್ಷೆ ಒಂದೇ ಸಲ. ಆಗಲಿಲ್ಲವೆಂದರೆ ಮತ್ತೆ ಆ ಮಾತೆತ್ತಬಾರದು, ಮಗ್ಗಕ್ಕೆ ಕೂಡಬೇಕು. ಆ ಅತ್ತೆಯನ್ನು ನಾನು ಚಿಕ್ಕಂದಿನಿಂದ ಬಲ್ಲೆ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಆಡಿದ ಮಾತು ಬದಲಿಸಿದವರೂ ಅಲ್ಲ. ಪರೀಕ್ಷೆ ದಸರೆ ಮುಗಿದ ಮರುವಾರವೇ ಇತ್ತು.

ಆ ಮಳೆಗಾಲದಲ್ಲಿ ಗುಡಿಯ ನೆಲ ಕಿತ್ತು ಹೊಸ ಹಾಸುಗಲ್ಲು ಹಾಕುವ ಕೆಲಸ ಶುರುವಾಯಿತು. ನವರಾತ್ರಿ ಬಂದರೂ ಮುಗಿಯಲಿಲ್ಲ. ನಾನು ಮೊದಲ ದಿನ ನೆಂಟರ ಮನೆಗೆಂದು ಡಂಬಳಕ್ಕೆ ಹೋಗಿದ್ದೆ. ಮರುದಿನ ಬಂದು ನೋಡುತ್ತೇನೆ, ಓದುವ ಕೋಣೆಯ ಬಾಗಿಲಿಗೆ ಮಾವಿನ ತೋರಣ! ಸೊಸೆ ಹೊರಗೆ ಗೋಡೆಗೆ ಒರಗಿ ನಿಂತಿದ್ದಳು. ಮುಖದಲ್ಲಿ ನೆತ್ತರಿರಲಿಲ್ಲ.

"ಒಳಗ ಘಟ ಕೂಡಿಸ್ಯಾರ್ರಿ" ಎಂದಳು.

ಘಟವೆಂದರೆ ನೀರು ತುಂಬಿದ ಮಣ್ಣಿನ ಗಡಿಗೆ. ಪತ್ರಾವಳಿಯ ಮೇಲೆ ಹೊಲದ ಮಣ್ಣು ಹರಡಿ, ಕಾಳು ಬಿತ್ತಿ, ನಡುವೆ ಗಡಿಗೆ ಇಟ್ಟು, ಬದಿಗೆ ನಂದಾದೀಪ ಹಚ್ಚುತ್ತಾರೆ. ದಿನವೂ ನೀರು ಹಾಕುತ್ತಾರೆ. ಹಬ್ಬ ಮುಗಿಯುವಷ್ಟರಲ್ಲಿ ಮೊಳಕೆ ಎಷ್ಟು ಎತ್ತರ ಬಂತು ಎಂಬುದರ ಮೇಲೆ ಓಣಿಯವರು ಬರುವ ವರ್ಷದ ಒಳಿತು ಕೆಡುಕು ಹೇಳುತ್ತಾರೆ. ಒಮ್ಮೆ ಕೂರಿಸಿದ ಘಟವನ್ನು ವಿಜಯದಶಮಿಯವರೆಗೆ ಅಲುಗಾಡಿಸುವಂತಿಲ್ಲ. ಇದೆಲ್ಲ ನಾನೂ ಹುಟ್ಟಿದಂದಿನಿಂದ ನಡೆಸಿಕೊಂಡು ಬಂದದ್ದೇ. ಅದರ ಮೇಲೆ ನನಗೆ ಸಿಟ್ಟಿಲ್ಲ. ನನಗೆ ಸಿಟ್ಟು ಬಂದದ್ದು ಒಳಗೆ ಬಗ್ಗಿ ನೋಡಿದಾಗ. ಘಟ ಇಡುವ ಮಣೆ ಗುಡಿಯ ಒಳಗೆ ಮರಳಿನ ರಾಶಿಯ ಹಿಂದೆ ಸಿಕ್ಕಿಕೊಂಡಿತ್ತಂತೆ. ನಮ್ಮ ಹಿರಿಯರು ಒಂದೇ ಅಳತೆಯ ದಪ್ಪ ಪುಸ್ತಕಗಳನ್ನು ಕಪಾಟಿನಿಂದ ಆರಿಸಿ, ಎರಡು ಸಾಲಾಗಿ ಒಂದರ ಮೇಲೊಂದು ಜೋಡಿಸಿ, ಮೇಲೆ ಕೆಂಪು ವಸ್ತ್ರ ಹಾಸಿ ಅದರ ಮೇಲೆ ಘಟ ಕೂರಿಸಿದ್ದರು. ಒಂದೇ ಅಳತೆಯ ದಪ್ಪ ಪುಸ್ತಕಗಳು ಆ ಕೋಣೆಯಲ್ಲಿ ಇದ್ದದ್ದು ಸೊಸೆಯವು ಮಾತ್ರ.

ಪಿತ್ತ ನೆತ್ತಿಗೇರಿತು. ಕೀಲಿ ಇಟ್ಟುಕೊಂಡಿದ್ದ ಹಿರಿಯರ ಮನೆಗೆ ನಡೆದೆ.

"ವಿದ್ಯಾದ ಮ್ಯಾಲ ದೇವಿ ಕುಂತಾಳ್ರಿ ಅಕ್ಕೋರ! ನಿಮಗ ಖುಷಿ ಆಗ್ತೈತಂತ ತಿಳಕೊಂಡಿದ್ವಿ" ಎಂದರು ಅವರು. ಖರೆ ಹೇಳಬೇಕೆಂದರೆ ಅವರ ಮುಖದಲ್ಲಿ ಕಪಟವಿರಲಿಲ್ಲ. ನನ್ನನ್ನು ಮೆಚ್ಚಿಸಲೆಂದೇ ಮಾಡಿದ್ದರು. ಅದು ಇನ್ನೂ ಮೈ ಉರಿಸಿತು.

"ಹುಡುಗಿ ಪರೀಕ್ಷಾ ಬರೀಬೇಕ್ರಿ. ಆ ಪುಸ್ತಕ ಬೇಕು."

"ದಶಮಿ ಆಗ್ಲಿ, ಎಲ್ಲಾ ಕೊಡ್ತೀವಿ. ನಡುವ ಘಟ ಎತ್ತಂದ್ರ ಯಾರ ಎತ್ತಬೇಕ್ರಿ? ನೀವು ಎತ್ತತೀರೇನು?"

ನಾನು ಎತ್ತುವವಳಾಗಿದ್ದರೆ ಕತೆ ಅಲ್ಲೇ ಮುಗಿಯುತ್ತಿತ್ತು. ಎತ್ತಲಾರೆ. ನನ್ನ ಅವ್ವ ಬಿತ್ತಿದ ಮಣ್ಣು, ನನ್ನ ಅವ್ವ ಹಚ್ಚಿದ ದೀಪ ನನ್ನೊಳಗೂ ಇದೆ. ಹೇಗೆ ಬಂದೆನೋ ಹಾಗೇ ಮರಳಿದೆ.

ಆಮೇಲಿನ ದಿನಗಳಲ್ಲಿ ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ತಿರುಗಿದೆ. ಗದಗಿನ ಕಾಲೇಜೊಂದರ ಗ್ರಂಥಾಲಯಕ್ಕೆ ಹೋದೆ, ದಸರೆ ರಜೆ. ಮುಂಡರಗಿಯ ಒಂದು ಶಾಲೆಯಲ್ಲಿ ಅದೇ ಪುಸ್ತಕಗಳಿವೆ ಎಂದು ನನ್ನ ಹಳೆಯ ವಿದ್ಯಾರ್ಥಿನಿ ಫೋನಿನಲ್ಲಿ ಹೇಳಿದಳು. ಬಸ್ಸು ಹತ್ತಿದೆ. ಕಾವಲಿನವ ಗೇಟು ತೆಗೆದು ಒಳಗೆ ಬಿಟ್ಟ, ಕೂರಿಸಿ ಚಹಾ ತರಿಸಿಕೊಟ್ಟ, ಆದರೆ ಕಪಾಟಿನ ಕೀಲಿ ದೊಡ್ಡ ಸರ್ ಹತ್ತಿರ, ದೊಡ್ಡ ಸರ್ ತಮ್ಮ ಊರಲ್ಲಿ. ಕಿಟಕಿಯಿಂದ ನೋಡಿದೆ. ಗಾಜಿನ ಹಿಂದೆ ಪುಸ್ತಕಗಳು ಹೊಚ್ಚಹೊಸದಾಗಿ ನಿಂತಿದ್ದವು. ಮೂಗು ಒತ್ತಿ ಬೆನ್ನ ಮೇಲಿನ ಹೆಸರು ಓದುವ ಸರದಿ ಈಗ ನನ್ನದಾಗಿತ್ತು. ಇಷ್ಟೊಂದು ಶಾಲೆ, ಇಷ್ಟೊಂದು ಕಾಲೇಜು, ಎತ್ತರದ ಕಮಾನು, ಕಮಾನಿನ ಮೇಲೆ ಜ್ಞಾನದ ದೀಪ. ಹಬ್ಬದ ದಿನ ಒಬ್ಬ ಹೆಣ್ಣುಮಗಳಿಗೆ ಒಂದು ಪುಸ್ತಕ ಕೊಡಲಾಗದ ಈ ಎಲ್ಲ ಕಟ್ಟಡಗಳು ಯಾರಿಗಾಗಿ? ಬಸ್ಸಿನಲ್ಲಿ ಕೂತು ಇದಕ್ಕೇ ಒಳಗೊಳಗೇ ಜಗಳವಾಡುತ್ತ ಬಂದೆ. ಕಿಟಕಿಯ ಆಚೆ ಡಂಬಳದ ಕೆರೆ ಯಾವಾಗ ದಾಟಿತೋ ಗೊತ್ತಾಗಲಿಲ್ಲ.

ಮನೆಗೆ ಬಂದರೆ ಇನ್ನೊಂದು ಚಿಂತೆ. ಘಟಕ್ಕೆ ನೀರು ಹಾಕುವ ಸರದಿ ಈ ಸಲ ಆ ಸೊಸೆಯ ಅತ್ತೆಯದೇ. ಮಡಿಯಲ್ಲಿ ಬಂದು ತಂಬಿಗೆಯಿಂದ ಧಾರಾಳವಾಗಿ ಸುರಿಯುತ್ತಿದ್ದರು. ಪತ್ರಾವಳಿ ತಡೆಯುವುದು ಎಷ್ಟು? ನೀರು ವಸ್ತ್ರಕ್ಕೆ, ವಸ್ತ್ರದಿಂದ ಪುಸ್ತಕಕ್ಕೆ ಇಳಿಯುವುದು ನನ್ನ ಕಣ್ಣಿಗೆ ಕಟ್ಟುತ್ತಿತ್ತು. ಪುಟದ ಅಂಚಿನ ಪೆನ್ಸಿಲ್ ಗುರುತುಗಳು ಕಣ್ಣಿಗೆ ಕಟ್ಟುತ್ತಿದ್ದವು. ಸೊಸೆ ಕೈ ಮುಗಿದು, "ಅತ್ತಿಯವರಿಗೆ ಹೇಳಬ್ಯಾಡ್ರಿ ಅಕ್ಕೋರ, ದೇವರ ವಿಷಯ, ಮನ್ಯಾಗ ಜಗಳ ಆಗ್ತೈತಿ" ಎಂದಿದ್ದಳು. ನನಗೆ ತಡೆಯಲಾಗಲಿಲ್ಲ. ಅತ್ತೆ ತಂಬಿಗೆ ಹಿಡಿದು ಹೊರಬರುವಾಗ ಅಡ್ಡ ನಿಂತೆ.

"ಆ ವಸ್ತ್ರದ ಕೆಳಗ ಇರೂವು ಯಾರ ಪುಸ್ತಕ ಗೊತ್ತೈತೇನ್ರಿ ನಿಮಗ?"

"ಗುಡಿವು."

"ನಿಮ್ಮ ಸೊಸಿವು. ಆಕಿ ಪರೀಕ್ಷಾಕ್ಕ ಓದೂ ಪುಸ್ತಕ. ನೀವು ಹಾಕಿದ ನೀರೆಲ್ಲಾ ಅದರಾಗ ಇಳಿಯಾಕ ಹತ್ತೈತಿ."

ಅವರು ನನ್ನನ್ನು ನೋಡಿದರು, ಕೋಣೆಯತ್ತ ನೋಡಿದರು. "ದೇವರ ಕೆಲಸದಾಗ ಬಾಯಿ ಹಾಕಬ್ಯಾಡ್ರಿ ಅಕ್ಕೋರ" ಎಂದು ಸೆರಗು ಸರಿಮಾಡಿಕೊಂಡು ಹೋಗಿಬಿಟ್ಟರು. ಅವತ್ತು ನಾನು ಮನೆಯಲ್ಲಿ ಪಾತ್ರೆಗಳನ್ನು ತೊಳೆದ ಸದ್ದಿಗೆ ಯಜಮಾನರು ಎದ್ದು ಹೊರಗೆ ಹೋದರು.

ಮರುದಿನವೂ ಹೋದೆ. ಹೋಗದೆ ಇರಲಾಗುತ್ತಿರಲಿಲ್ಲ. ಹೊಸ್ತಿಲ ಹೊರಗೆ ನಿಂತು ನೋಡುತ್ತಿದ್ದೆ. ಅತ್ತೆ ಬಂದರು, ದೀಪಕ್ಕೆ ಎಣ್ಣೆ ಹಾಕಿದರು, ತಂಬಿಗೆ ಎತ್ತಿಕೊಂಡರು. ಬಗ್ಗಿಸಲಿಲ್ಲ. ಬೆರಳ ತುದಿ ಅದ್ದಿ ಮಣ್ಣಿನ ಮೇಲೆ ಚಿಮುಕಿಸಿದರು, ಅರಿಶಿನ ಕುಂಕುಮ ಹಾಕುವಷ್ಟೇ ನಯವಾಗಿ. ಉಳಿದ ನೀರನ್ನು ಹೊರಗೆ ತಂದು ತುಳಸಿಗೆ ಹಾಕಿದರು. ನನ್ನತ್ತ ತಿರುಗಿಯೂ ನೋಡಲಿಲ್ಲ. ಅದರ ಮರುದಿನವೂ ಹಾಗೇ. ಆಮೇಲೂ ಹಾಗೇ. ನಾನು ಯಾರ ಮುಂದೆಯೂ ತುಟಿ ಪಿಟಕ್ಕೆನ್ನಲಿಲ್ಲ. ಆದರೆ ಒಳಗೆ ಹೊಸ ದಿಗಿಲು ಶುರುವಾಯಿತು. ಮೊಳಕೆ ಬರದಿದ್ದರೆ ಓಣಿ ಇವರನ್ನು ಸುಮ್ಮನೆ ಬಿಡುತ್ತದೆಯೇ?

ದಶಮಿಯ ಬೆಳಿಗ್ಗೆ ಓಣಿಯವರೆಲ್ಲ ಸೇರಿದರು. ಪ್ರತಿ ವರ್ಷ ಗೇಣುದ್ದ ಬರುತ್ತಿದ್ದ ಮೊಳಕೆ ಈ ಸಲ ಬೆರಳುದ್ದವೂ ಬಂದಿರಲಿಲ್ಲ. ಹಳದಿ ಬಣ್ಣ, ಅಲ್ಲಲ್ಲಿ ಬರಿಯ ಮಣ್ಣು. ಗುಸುಗುಸು ಎದ್ದಿತು.

"ನೀರ ಹಾಕಿದ ಕೈ ಸರಿ ಇಲ್ಲ ಬಿಡ್ರಿ" ಎಂದು ಆ ಹಿರಿಯರು ಎಲ್ಲರಿಗೂ ಕೇಳುವಂತೆಯೇ ಅಂದರು.

ನನ್ನ ನಾಲಿಗೆ ತುದಿಗೆ ಮಾತು ಬಂದಿತ್ತು. ಅತ್ತೆ ನನ್ನನ್ನು ಒಮ್ಮೆ ನೋಡಿದ ನೋಟಕ್ಕೆ ನುಂಗಿಕೊಂಡೆ. ಘಟ ಎತ್ತಿದ ಮೇಲೆ ಅವರು ವಸ್ತ್ರ ಸರಿಸಿ, ನೆಲಕ್ಕೆ ಕೂತು, ಒಂದೊಂದೇ ಪುಸ್ತಕವನ್ನು ಸೆರಗಿನಿಂದ ಒರೆಸಿದರು. ಮೇಲಿನ ಎರಡರ ರಟ್ಟು ಉಬ್ಬಿತ್ತು. ಮೊದಲ ದಿನಗಳ ನೀರು. ಉಳಿದವು ಒಣಗಿಯೇ ಇದ್ದವು. ಎಲ್ಲವನ್ನೂ ಸೊಸೆಯ ಮಡಿಲಿಗೆ ಹಾಕಿ, ಗಿಡ್ಡ ಮೊಳಕೆ ಒಂದನ್ನು ಕಿತ್ತು ಅವಳ ತುರುಬಿಗೆ ಸಿಕ್ಕಿಸಿದರು.

"ಮನ್ಯಾಗಽ ಕುಂತು ಓದವಾ. ಕೆಲಸ ನಾ ನೋಡ್ಕೋತೀನಿ."

ಮೊಳಕೆ ಯಾಕೆ ಗಿಡ್ಡವಾಯಿತೆಂದು ಸೊಸೆಗೆ ಆಗ ತಿಳಿಯಿತು. ಪುಸ್ತಕ ತಬ್ಬಿಕೊಂಡು ಅಲ್ಲೇ ಅಳತೊಡಗಿದಳು. ನನಗೂ ಕಣ್ಣು ತುಂಬಿತು, ಮುಚ್ಚಿಡುವುದೇನು.

ಅವಳು ಪರೀಕ್ಷೆ ಬರೆದಳು. ಆಗಲಿಲ್ಲ. ಸ್ವಲ್ಪದರಲ್ಲಿ ತಪ್ಪಿತು. ಆ ದಿನಗಳು ಕೈಯಲ್ಲಿದ್ದಿದ್ದರೆ ಆಗುತ್ತಿತ್ತೋ ಏನೋ, ಅದನ್ನು ನೆನೆದರೆ ಈಗಲೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಫಲಿತಾಂಶ ಬಂದ ಸಂಜೆ ಎದುರು ಸಾಲಿನ ಆ ಮನೆಗೆ ಹೋದೆ. ಒಂದೇ ಸಲ ಎಂಬ ಕರಾರು ನನಗೆ ಮರೆತಿರಲಿಲ್ಲ. ಜಗಳಕ್ಕೆ ತಯಾರಾಗಿಯೇ ಹೋಗಿದ್ದೆ. ಅತ್ತೆ ಕಟ್ಟೆಯ ಮೇಲೆ ಕೂತು ಬಳ್ಳೊಳ್ಳಿ ಸುಲಿಯುತ್ತಿದ್ದರು. ಒಳಗಿನ ಕೋಣೆಯಲ್ಲಿ ಸೊಸೆ ಗೋಡೆಗೆ ಒರಗಿ ಓದುತ್ತಿದ್ದಳು. ತೊಡೆಯ ಮೇಲೆ ರಟ್ಟು ಉಬ್ಬಿದ ಅದೇ ಪುಸ್ತಕ.

"ಮತ್ತೇನ ಮಾಡೂದ್ರಿ?" ಎಂದೆ, ಮೆಲ್ಲಗೆ.

"ಏನ ಮಾಡೂದು? ಈ ಸಲ ಬೆಳಿ ಬರಲಿಲ್ಲಂತ ಮುಂದಿನ ವರ್ಷ ಘಟ ಕೂಡಿಸೂದು ಬಿಡ್ತೀವೇನ್ರಿ ಅಕ್ಕೋರ?"

ಅವರ ಪಕ್ಕ ಕಟ್ಟೆಯ ಮೇಲೆ ಕೂತು ನಾನೂ ಒಂದು ಬಳ್ಳೊಳ್ಳಿ ಎತ್ತಿಕೊಂಡೆ. ಆದರೂ ನನ್ನ ಬಾಯಿ ಸುಮ್ಮನಿರಲಿಲ್ಲ.

"ಕೂಡಸ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಮಣೆ ಮ್ಯಾಲ ಕೂಡಸ್ರಿ."