ಮಾವನ ಬನಿಯನ್ನಿನ ಜೇಬು

ತಿರುಗುವ ಯಂತ್ರ ಜೋಲುವ ದಾರವನ್ನು ಬಿಡುವುದಿಲ್ಲ. ಈ ಒಂದು ಮಾತು ನಾಲ್ಕು ದಿನ ನನ್ನ ತಲೆಯಿಂದ ಇಳಿಯಲೇ ಇಲ್ಲ. ಹಾಲು ಕಾಯಿಸುವಾಗಲೂ, ಮಗಳಿಗೆ ಉಣ್ಣಿಸುವಾಗಲೂ ಕಣ್ಣ ಮುಂದೆ ಅದೇ: ಮಾವ ಲೇಥಿನ ಮೇಲೆ ಬಾಗಿದ್ದಾರೆ, ಕೊರಳಿನ ಶಿವದಾರ ಜೋಲುತ್ತಿದೆ, ಅದರ ತುದಿಯಲ್ಲಿ ಲಿಂಗದ ಕರಡಿಗೆ ತೂಗುತ್ತಿದೆ. ಮುಂದಿನದನ್ನು ಯೋಚಿಸಲಾಗದೆ ಗ್ಯಾಸ್ ಆರಿಸಿ ಹೊರಗೆ ಬರುತ್ತಿದ್ದೆ. ತಪ್ಪು ನನ್ನದೂ ಇದೆ. ಲೇಥ್ ಬರುತ್ತದೆಂದು ಗೊತ್ತಾದ ದಿನವೇ ಮೊಬೈಲಿನಲ್ಲಿ ಲೇಥ್ ಅಪಘಾತಗಳ ವಿಡಿಯೊ ನೋಡಬಾರದಿತ್ತು. ಒಂದಲ್ಲ, ಹನ್ನೊಂದು ನೋಡಿದೆ.

ನನ್ನ ಮಾವ ಶಿವರಾಯರು ಆಳಂದದ ಕಡೆಯವರು. ಇಪ್ಪತ್ತನಾಲ್ಕನೆಯ ವಯಸ್ಸಿಗೆ ಈಗಿನ ಛತ್ರಪತಿ ಸಂಭಾಜಿನಗರಕ್ಕೆ ಬಂದು ವಾಳೂಜಿನ ಕಾರ್ಖಾನೆಯೊಂದರಲ್ಲಿ ಟರ್ನರ್ ಆದರು. ಮೂವತ್ತನಾಲ್ಕು ವರ್ಷ ಲೇಥಿನ ಮುಂದೆ ನಿಂತು ಕಬ್ಬಿಣ ಕಡೆದರು. ನಿವೃತ್ತಿಯಾದ ಮೇಲೆ ಮೂರನೆಯ ಮಹಡಿಯ ಫ್ಲ್ಯಾಟಿನಲ್ಲಿ ಕೂತು ತಮ್ಮ ಅಂಗೈಗಳನ್ನೇ ನೋಡಿಕೊಳ್ಳತೊಡಗಿದರು. ಎರಡು ವರ್ಷದಲ್ಲಿ ಊಟ ಅರ್ಧಕ್ಕಿಳಿಯಿತು, ಮಾತು ಅದಕ್ಕಿಂತಲೂ ಕಡಿಮೆಯಾಯಿತು. ಮರ ಕಡೆಯುವ ಲೇಥ್ ಒಂದು ಬೇಕು ಎಂದು ಅವರು ಬಾಯಿ ಬಿಟ್ಟಾಗ ಅಲ್ಲಿನ ಸೊಸೈಟಿಯವರು ಒಪ್ಪಲಿಲ್ಲ. ನಾಸಿಕ್‌ನ ನಮ್ಮ ಸಾಲುಮನೆಯ ಹಿಂದೆ ತಗಡಿನ ಛಾವಣಿಯ ಒಂದು ಖೋಲಿ ಖಾಲಿ ಇತ್ತು. ನನ್ನ ಗಂಡ ರವಿಕಾಂತ ಬ್ಯಾಂಕಿನಿಂದಲೇ ಫೋನ್ ಮಾಡಿ, ಇಲ್ಲಿಗೇ ತನ್ನಿ ಅಂದುಬಿಟ್ಟ.

ನನ್ನನ್ನು ಕೇಳಿದವರು ಅತ್ತೆ ಸಂಗಮ್ಮ ಒಬ್ಬರೇ.

"ಕೂಸಿರೋ ಮನಿ ಅಶ್ವಿನಿ, ನಿಂಗ ಹ್ಯಾಂಗ ಅನಸ್ತದೋ ಏನೋ. ಮಷೀನ ಕುಂತ ಮ್ಯಾಲ ನೋಡಿ ನಂಗ ಫೋನ್ ಮಾಡು. ಬ್ಯಾಡ ಅಂದ್ರ ಬ್ಯಾಡ. ಅವರಿಗಿ ನಾ ಹೇಳ್ತೀನಿ, ನಿನ್ನ ಹೆಸರು ಬರಲ್ಲ. ಟೆಂಪೋದಾಗ ಹ್ಯಾಂಗ ಹೋಗ್ಯದ ಹಂಗೇ ವಾಪಸ್ ಬರ್ತದ."

ವಾಪಸ್ ಹೋದರೆ ಅದನ್ನಿಡಲು ಜಾಗವಿಲ್ಲ, ಮಾರಬೇಕಾಗುತ್ತದೆ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಲೇಥಿನ ಜೊತೆ ಮಾವ ಟೆಂಪೋದಲ್ಲಿ ಬಂದಿಳಿದಾಗ ಪಕ್ಕದ ಮನೆಯ ದತ್ತು ಸಹಾಯಕ್ಕೆ ಬಂದ. ಸಟಾಣಾದಲ್ಲಿ ದಾಳಿಂಬೆ ತೋಟವಿರುವ ಗಟ್ಟಿ ಆಳು. ಪೆಟ್ಟಿಗೆಗೆ ಕೈ ಹಚ್ಚಿದವನೇ "ಕಾಕಾ, ಹಾ ಹತ್ತೀ ಆಹೇ!" ಎಂದು ಕೂತುಬಿಟ್ಟ. ಆನೆಯೇ ಸರಿ. ಮಾವ ನಕ್ಕು, ಅಡಿಗೆ ಮೂರು ಕೊಳವೆ ಹಾಕಿ, ಹಿಂದಿನದನ್ನು ತೆಗೆದು ಮುಂದಿಡುತ್ತ ಆ ಆನೆಯನ್ನು ಖೋಲಿಯೊಳಗೆ ಉರುಳಿಸಿದರು. ಆದರೆ ಅವತ್ತು ಪೆಟ್ಟಿಗೆ ಬಿಚ್ಚಲಿಲ್ಲ. ಹಲಗೆ ಕೊಯ್ದು, ಬಾಗಿಲಿಗೆ ನನ್ನ ಎದೆಮಟ್ಟದ ಗೇಟು ಕೂರಿಸಿ, ಚಿಲಕವನ್ನು ಮೇಲ್ತುದಿಯಲ್ಲಿ ಜಡಿದರು. ಎರಡೂವರೆ ವರ್ಷದ ಮಗಳು ಮೈತ್ರೇಯಿ ಅದಕ್ಕೆ ಜೋತುಬಿದ್ದು "ಆಜೋಬಾ, ಮಲಾ ಪಣ್!" ಎಂದು ಅಜ್ಜನನ್ನು ಕೂಗಿದಳು.

"ನಿನಗೂ ಬೇಕಾ? ಮೊದಲ ಈ ಚಿಲಕದಷ್ಟ ಎತ್ತರ ಆಗು, ಆಮ್ಯಾಲ ಒಳಗ ಬಾ."

ಮಗಳ ಚಿಂತೆ ಅಲ್ಲಿಗೆ ಅರ್ಧ ಕಳೆಯಿತು. ಉಳಿದದ್ದು ದಾರದ ಚಿಂತೆ.

ಎರಡನೆಯ ದಿನ ಪೆಟ್ಟಿಗೆ ಬಿಚ್ಚಿ, ತುಕ್ಕು ಹಿಡಿಯದಂತೆ ಬಳಿದಿದ್ದ ಗ್ರೀಸನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿದರು. ಮೂರನೆಯ ದಿನ ಕಾಲುಗಳನ್ನು ನಿಲ್ಲಿಸಿದರು. ಮೋಟರಿರುವ ತಲೆಭಾಗವನ್ನು ಬಿಚ್ಚಿ ಭಾರ ಇಳಿಸಿಕೊಂಡು, ಯಂತ್ರಕ್ಕೆಲ್ಲ ಬುನಾದಿಯಾದ ಉದ್ದನೆಯ ಬೀಡುಕಬ್ಬಿಣದ ಬೆಡ್ಡನ್ನು ಮಾವ, ರವಿಕಾಂತ, ದತ್ತು ಮೂವರೂ ಎತ್ತಿ ಕಾಲುಗಳ ಮೇಲೆ ಕೂರಿಸಿದರು. ರವಿಕಾಂತ ಒಂದು ಬೋಲ್ಟನ್ನು ಪಾನಾ ಹಾಕಿ ಪೂರ್ತಿ ಬಿಗಿಯಲು ಹೋದ.

"ಏ ಬ್ಯಾಂಕ್ ಸಾಹೇಬಾ, ಬಿಡು! ಎಲ್ಲಾ ಬೋಲ್ಟು ಮೊದಲ ಬೆರಳಲೇ ಹಾಕಬೇಕು. ಒಂದಾ ಬಿಗದ್ರ ಉಳದ ಮೂರು ಸಿಟ್ಟಾಗ್ತಾವ."

ಎರಡು ವರ್ಷದಲ್ಲಿ ಮಾವ ಅಷ್ಟು ಉದ್ದ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅವತ್ತು ಮೂರು ರೊಟ್ಟಿ ಉಂಡರು. ಆದರೆ ಬಾಗಿದಾಗೊಮ್ಮೆ ಕೊರಳಿನ ಕರಡಿಗೆ ಬೆಡ್ಡಿಗೆ ತಾಗಿ ಟಣ್ ಎನ್ನುತ್ತಿತ್ತು. ಅಡುಗೆಮನೆಯಲ್ಲಿ ನನ್ನ ಕೈಯ ಸೌಟು ನಿಲ್ಲುತ್ತಿತ್ತು.

ಹೇಳಿಬಿಡಬಹುದಿತ್ತಲ್ಲ? ಏನೆಂದು? ಮೈಮೇಲಿನ ಲಿಂಗ ತೆಗೆದಿಡಿ ಎಂದು ಮಾವನಿಗೆ ಹೇಳಲು ನಾನ್ಯಾರು? ನನ್ನದೋ, ಮದುವೆಯ ಮರುವರ್ಷದಿಂದ ದೇವರ ಗೂಡಿನಲ್ಲಿ ಬೆಳ್ಳಿ ಕರಡಿಗೆಯೊಳಗೆ ಕೂತಿದೆ. ರವಿಕಾಂತನಿಗೆ, ನೀನೇ ಕೇಳು ಅಂದೆ.

"ನೀ ಕೇಳು."

"ನಿನ್ನ ಅಪ್ಪ ಅಲಾ?"

"ಅದಕ್ಕಾ ನಾ ಕೇಳಲ್ಲ."

ನಾಲ್ಕನೆಯ ದಿನ ಬೆಳಿಗ್ಗೆ ಅವನು ಬ್ಯಾಂಕಿಗೆ ಹೋದ. ಮಾವ ಲೆವೆಲ್ ಇಟ್ಟು ನೋಡಿ, ಒಂದು ಕಾಲಿನ ಕೆಳಗೆ ತೆಳು ತಗಡಿನ ಚೂರು ತೂರಿಸಿದರು. ಎರಡೂ ಕಡೆಯ ಮೊನೆಗಳನ್ನು ಹತ್ತಿರ ತಂದು ಒಂದಕ್ಕೊಂದು ಎದುರಾಗುತ್ತವೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿದರು. ನಡುವೆ ಬೇವಿನ ತುಂಡೊಂದನ್ನು ಸಿಕ್ಕಿಸಿ, ಸ್ನಾನ ಮಾಡಿ ಬಂದು ಚಾಲೂ ಮಾಡುವುದಾಗಿ ಹೇಳಿದರು.

ಇನ್ನು ತಡೆಯಲಾಗಲಿಲ್ಲ. ಮೈತ್ರೇಯಿಯನ್ನು ದತ್ತುವಿನ ಹೆಂಡತಿ ಶರ್ಮಿಳಾಳ ಕೈಗೆ ಕೊಟ್ಟು, ಓಡುತ್ತಲೇ ಬಂದು ಗೇಟು ತೆರೆದೆ. ಮಾವ ಸ್ನಾನ ಮುಗಿಸಿ ಆಗಲೇ ಸ್ವಿಚ್ಚಿನ ಬಳಿ ನಿಂತಿದ್ದರು.

"ಮಾವಾರ, ಒಂದ ನಿಮಿಷ..."

"ಅಲ್ಲೇ ನಿಲ್ಲು!"

ಬೆಚ್ಚಿ ನಿಂತೆ. ಐದು ವರ್ಷದಲ್ಲಿ ಅವರು ನನ್ನ ಮೇಲೆ ದನಿಯೇರಿಸಿದ್ದು ಅದೇ ಮೊದಲು.

"ಮೊದಲ ಆ ಓಢಣಿ ತೆಗದು ಹೊರಗಿಟ್ಟು ಬಾ. ಕೂದಲಾ ಗಂಟು ಹಾಕು. ತಾಳಿ ಒಳಗ ಹಾಕ್ಕೋ. ಹಿಂಗ ಜೋತಾಡಕೋತ ಮಷೀನ ಹತ್ರ ಬರ್ತಾರೇನವ್ವಾ? ಕಾರ್ಖಾನ್ಯಾಗ ಹಿಂಗ ಬಂದವರಿಗಿ ನಾ ಗೇಟಿಂದಾ ಮನಿಗಿ ಕಳಸ್ತಿದ್ದೆ."

ಓಢಣಿ ತೆಗೆಯುತ್ತ ನನಗೆ ಸಿಟ್ಟೂ ಬಂತು, ಧೈರ್ಯವೂ ಬಂತು.

"ಮತ್ತ ನಿಮ್ಮದು?"

"ನಂದೇನು?"

ಅವರ ಕೊರಳು ನೋಡಿದೆ. ದಾರವಿರಲಿಲ್ಲ. ನನ್ನ ಹೆದರಿಕೆ ಗೊತ್ತಾಗಿ, ಅರವತ್ತು ವರ್ಷ ಮೈಬಿಟ್ಟು ಇಳಿಸದ ಲಿಂಗವನ್ನು ನನ್ನ ಸಲುವಾಗಿ ತೆಗೆದಿಟ್ಟರೇ? ನನ್ನ ಕೊರಳನ್ನೇ ಮುಟ್ಟಿ ತೋರಿಸಿದೆ.

ಮಾವ ಅಂಗಿಯ ಎರಡು ಗುಂಡಿ ಬಿಚ್ಚಿ, ಬನಿಯನ್ನಿನ ಕೊರಳಂಚನ್ನು ಹೊರಳಿಸಿ ತೋರಿಸಿದರು. ಹೆಗಲ ಬಳಿ ತೂತು ಬಿದ್ದ ಹಳೇ ಬನಿಯನ್. ಅದರ ಎಡ ಎದೆಯ ಮೇಲೆ, ಒಳಗಡೆಯಿಂದ, ಹಸಿರು ಕುಪ್ಪಸದ ಬಟ್ಟೆಯ ಒಂದು ಜೇಬು. ಜೇಬಿಗೆ ಮುಚ್ಚಳ, ಮುಚ್ಚಳಕ್ಕೆ ಗುಂಡಿ. ಲಿಂಗ ಅದರೊಳಗೆ ಮೈಗೆ ಅಂಟಿಕೊಂಡು ಕೂತಿತ್ತು. ಶಿವದಾರವೂ ಸುತ್ತಿಕೊಂಡು ಅಲ್ಲೇ ಇತ್ತು.

"ಕೆಲಸಕ್ಕ ಸೇರಿದ ಮೊದಲನೇ ವಾರ," ಎಂದರು. "ಫೋರ್‌ಮನ್ ಅಂದ, ಕೊರಳಾಗಿಂದು ತೆಗಿ, ಇಲ್ಲಂದ್ರ ಲೇಥ್ ಬಿಟ್ಟು ಸ್ಟೋರಿನಾಗ ಕೂಡು. ನಾ ಮನಿಗಿ ಬಂದು ನೌಕರಿ ಬಿಡ್ತೀನಿ, ಊರಿಗಿ ಹೋಗಮು ಅಂದೆ. ನಿಮ್ಮತ್ತಿಗಿ ಆಗ ಹತ್ತೊಂಬತ್ತು. ಏನೂ ಅನಲಿಲ್ಲ. ಮುಂಜಾನಿ ಎದ್ದು ನೋಡ್ತೀನಿ, ಬನಿಯನ್‌ಗಿ ಜೇಬು ಬಂದದ."

"ಊರಾಗ ಯಾರೂ ಏನೂ ಅನಲಿಲ್ರಿ?"

"ಮಠದ ಅಯ್ಯನವರಿಗಿ ಕೇಳ್ದೆ. ಮೈಗಿ ಹತ್ತಿರ್ತದಿಲ್ಲೋ ಅಂದ್ರು. ಹತ್ತಿರ್ತದ್ರಿ ಅಂದೆ. ಮತ್ತೇನು ಕೇಳ್ತೀ ಹೋಗು ಅಂದ್ರು."

ಮೂವತ್ತನಾಲ್ಕು ವರ್ಷ ಹಾಗೆಯೇ ನಡೆದಿತ್ತು. ಯಂತ್ರ ತಿರುಗುವ ಮುಂಚೆ ಜೇಬಿಗೆ, ನಿಂತ ಮೇಲೆ ಕೊರಳಿಗೆ. ನಾನು ಮನೆಗೆ ಸೊಸೆಯಾಗಿ ಬಂದು ಕಂಡದ್ದು ಬರೀ ಹಬ್ಬದ, ಮದುವೆಯ, ರಜೆಯ ದಿನಗಳ ಕೊರಳು.

"ನಾಲ್ಕ ದಿನದಿಂದ ಒಂದ ಮಾತು ಹೇಳಬಾರದೇನ್ರಿ ಮಾವಾರ?"

"ನೀ ಒಂದ ಮಾತು ಕೇಳಬಾರದೇನು?" ಎಂದು ಅಂಗಿಯ ಗುಂಡಿ ಹಾಕಿಕೊಂಡು ಸ್ವಿಚ್ಚು ಒತ್ತಿದರು.

ನಾನೆಣಿಸಿದ ಅಬ್ಬರವಿರಲಿಲ್ಲ, ಹಳೆಯ ಫ್ಯಾನಿನಂಥ ಗುಂಯ್ ಸದ್ದು, ಅಷ್ಟೆ. ಉಳಿ ತಾಗಿದೊಡನೆ ಬೇವಿನ ಸಿಪ್ಪೆ ಸುರುಳಿ ಸುರುಳಿಯಾಗಿ ಅವರ ಮುಂಗೈ ಮೇಲೆ ಬಿತ್ತು. ಸೊಟ್ಟಗಿದ್ದ ತುಂಡು ನೋಡನೋಡುತ್ತಲೇ ದುಂಡಗಾಯಿತು. ಒಂದು ಗಂಟೆಯಾದ ಮೇಲೆ, ಮಾವ ಗುನುಗುತ್ತಿದ್ದಾರೆಂದು ತಿಳಿದಾಗ, ನಾನು ಗೇಟಿಗೆ ಗಲ್ಲವಿಟ್ಟು ನಿಂತಿದ್ದೆ.

ಮಧ್ಯಾಹ್ನ ಅವರ ಬಟ್ಟೆ ಮಡಚುವಾಗ ಇನ್ನೊಂದು ಕಂಡಿತು. ಜೇಬಿದ್ದದ್ದು ಆ ಒಂದು ಹರಕು ಬನಿಯನ್ನಿಗೆ ಮಾತ್ರ. ನಿವೃತ್ತಿಯಾದ ಮೇಲೆ ಕೊಂಡ ಯಾವುದಕ್ಕೂ ಜೇಬಿರಲಿಲ್ಲ, ಬೇಕಾಗಿರಲೇ ಇಲ್ಲ. ಅವನ್ನು ತೊಡೆಯ ಮೇಲೆ ಇಟ್ಟುಕೊಂಡು, ನಾಲ್ಕು ದಿನದಿಂದ ಮುಂದೂಡಿದ್ದ ಫೋನ್ ಮಾಡಿದೆ.

ಅತ್ತೆ ಹಲೋ ಕೂಡ ಅನ್ನಲಿಲ್ಲ. "ಹೇಳವ್ವಾ. ಟೆಂಪೋಕ್ಕ ಹೇಳಲೇನು?"

"ಬ್ಯಾಡ್ರಿ ಅತ್ತೀರ. ಮಾವಾರ ಹೊಸ ಬನಿಯನ್ ಎಲ್ಲಾದಕ್ಕೂ ಜೇಬು ಹೊಲೀಬೇಕಾಗ್ಯದ."

ಆ ಕಡೆ ಮೂಗು ಒರೆಸಿಕೊಂಡದ್ದು ಕೇಳಿಸಿತು.

"ಎಷ್ಟ ಅವ?"

"ಆರು."

"ಹಂಗಾದ್ರ ನಾಳಿ ಬಸ್ಸಿಗಿ ನಾನಾ ಬರ್ತೀನಿ. ನಿನ್ನ ಮನ್ಯಾಗ ಸೂಜಿ-ದಾರರೆ ಅದನೋ, ಅದೂ ಇಲ್ಲಿಂದಾ ತರಲೋ?"