ಬೀಪಪ್ಪನ ತೊಗಟೆ ನೀರು

ಕಿವಿ ಆಸ್ಪತ್ರೆಯಲ್ಲಿ ಎಲ್ಲರೂ ಅವನನ್ನು ಬೀಪಪ್ಪ ಎಂದೇ ಕರೆಯುತ್ತಿದ್ದರು. ಸದ್ದು ನುಗ್ಗದ ಗಾಜಿನ ಗೂಡಿನೊಳಗೆ ರೋಗಿಯನ್ನು ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ತಾನು ಹೊರಗೆ ಕುಳಿತು ಬೀಪ್ ಗುಂಡಿ ಒತ್ತುವುದು ಅವನ ಕೆಲಸ. ಕೇಳಿಸಿದಾಗ ರೋಗಿ ಬೆರಳೆತ್ತಬೇಕು. ಗುಂಡಿ ಒತ್ತಿ ಸಂಬಳ ಎಣಿಸುವ ಇನ್ನೊಂದು ಪ್ರಾಣಿ ಲಿಫ್ಟಿನಲ್ಲಿತ್ತು, ಅದನ್ನೂ ಕಳೆದ ವರ್ಷ ತೆಗೆದುಹಾಕಿದ್ದರು.

ಆದರೆ ಸಂಜೆ ಮನೆಗೆ ಬಂದರೆ ಅವನದೇ ದರ್ಬಾರು. ಒಂದು ಮೊಟ್ಟೆ ನೆಟ್ಟಗೆ ಬೇಯಿಸಲು ಬಾರದವನಿಗೆ ಕಾಕ್‌ಟೇಲ್ ಬೆರೆಸುವ ಹುಚ್ಚು ಹತ್ತಿತ್ತು. ಕಿತ್ತಳೆ ಸಿಪ್ಪೆಯನ್ನು ಬೆಂಕಿಕಡ್ಡಿಯ ಮೇಲೆ ಹಿಂಡಿ ಕಿಡಿ ಹಾರಿಸುತ್ತಿದ್ದ. ಒಮ್ಮೆ ಎಡಗಡೆಯ ಹುಬ್ಬೂ ಹಾರಿಹೋಗಿತ್ತು. ಅಂಗಡಿಯ ಟಾನಿಕ್ ನೀರನ್ನು ಈಗ ಅವನು ಮುಟ್ಟುತ್ತಿರಲಿಲ್ಲ. ಸಿಂಕೋನಾ ಮರದ ತೊಗಟೆಯ ಪುಡಿ ತರಿಸಿ, ನಿಂಬೆ ಸಿಪ್ಪೆ, ಸಕ್ಕರೆ ಹಾಕಿ ಕುದಿಸಿ, ತಾನೇ ಕಹಿ ಪಾಕ ಮಾಡಿದ. ಅದಕ್ಕೆ ಸೋಡಾ ಬೆರೆಸಿದರೆ ಟಾನಿಕ್, ಮೇಲೆ ಜಿನ್ ಸುರಿದರೆ ಕಾಕ್‌ಟೇಲ್. ಸೋಸಲು ಹೋದರೆ ಫಿಲ್ಟರ್ ಕಾಗದ ಕಟ್ಟಿಕೊಂಡಿತು. ಅಷ್ಟರಲ್ಲಿ ತಾಳ್ಮೆಯೂ ತೀರಿತ್ತು. ಗಸಿ ಇದ್ದರೇನೇ ಮನೆಯದು ಎನ್ನಿಸಿಕೊಳ್ಳುವುದು ಎಂದು ಪುಡಿ ಸಮೇತ ಬಾಟಲಿಗೆ ತುಂಬಿದ.

ಭಾನುವಾರ ಮಧ್ಯಾಹ್ನ ಅಕ್ಕ, ಭಾವ ಊಟಕ್ಕೆ ಬಂದರು.

"ನಂಗೆ ಮದ್ಯ ಗಿದ್ಯ ಬೇಡ ಕಣೋ," ಎಂದಳು ಅಕ್ಕ. "ನಾಳೆ ಸಂಗೀತ ಶಾಲೆ ಪಿಯಾನೋ ಶ್ರುತಿ ಮಾಡ್ಬೇಕು."

ಪಿಯಾನೋಗಳಿಗೆ ಶ್ರುತಿ ಕೂಡಿಸುವುದೇ ಅಕ್ಕನ ಕಸುಬು. ಕಿವಿ ಅವಳ ಅನ್ನ.

"ನಿಂಗೆ ಬರೀ ಟಾನಿಕ್ ಕೊಡ್ತೀನಿ ಅಕ್ಕ. ತೊಗಟೆ, ನಿಂಬೆ, ಸೋಡಾ. ಹಾಲಿನಷ್ಟು ಸಾಧು."

"ನಮ್ಗೆ ಮಾತ್ರ ವಿಷ ಹಾಕಪ್ಪ," ಎಂದು ವಿಸ್ಕಿಯ ಗ್ಲಾಸು ಮುಂದೆ ಚಾಚಿದರು ಭಾವ.

ಸೆಕೆ ಬೇರೆ. ಅಕ್ಕನಿಗೆ ಆ ಕಹಿ ಹಿಡಿಸಿಬಿಟ್ಟಿತು. ಇನ್ನೊಂದು, ಮತ್ತೊಂದು ಎಂದು ಕೇಳಿ ಕುಡಿದಳು. ಕೊನೆಗೆ ಇವನು ಬಾಟಲಿ ಕುಲುಕಿ, "ಸತ್ವ ಎಲ್ಲ ತಳದಲ್ಲೇ ಇರೋದು," ಎಂದು ಗಸಿಯನ್ನೂ ಅವಳಿಗೇ ಬಗ್ಗಿಸಿದ.

ಮರುದಿನ ಬೆಳಿಗ್ಗೆ ಅವಳ ಫೋನು ಬಂತು.

"ಲೋ, ಕಿವಿಯೊಳಗೆ ಯಾರೋ ಸೀಟಿ ಊದ್ತಿರೋ ಹಾಗಿದೆ. ನಿಲ್ತಾನೇ ಇಲ್ಲ. ತಲೆನೂ ಸುತ್ತುತ್ತೆ."

ಕಿವಿಯಲ್ಲಿ ಸೀಟಿ ಎಂದು ಬಂದವರನ್ನೆಲ್ಲ ಡಾಕ್ಟರಮ್ಮ ಮೊದಲು ಕೇಳುವ ಪ್ರಶ್ನೆ ಅವನಿಗೆ ಬಾಯಿಪಾಠವಾಗಿತ್ತು: ಮಲೇರಿಯಾಗೆ ಕ್ವಿನೀನ್ ಏನಾದ್ರೂ ತಗೊಂಡ್ರಾ? ತೊಗಟೆಯ ಕಹಿಯೇ ಕ್ವಿನೀನ್ ಎಂದು ಭಾವನ ಮುಂದೆ ಜಂಭ ಕೊಚ್ಚಿದವನೂ ಅವನೇ. ಒಂದೇ ತಲೆಯೊಳಗೆ ಇವೆರಡೂ ಇಷ್ಟು ದಿನ ಮುಖಾಮುಖಿಯಾಗದೆ ಬಾಡಿಗೆಗಿದ್ದವು.

ಅಕ್ಕನನ್ನು ಆಸ್ಪತ್ರೆಗೆ ಕರೆಸಿ ಗೂಡಿನೊಳಗೆ ಕೂರಿಸಿದ. ಬೀಪ್ ಒತ್ತಿದ. ಕಣ್ಣು ಮುಚ್ಚಿ ಕುಳಿತವಳು ಬೆರಳೆತ್ತಿದಳು. ಸಮಾಧಾನದ ಉಸಿರು ಬಿಟ್ಟು ಅವನು ಗುಂಡಿಯಿಂದ ಕೈ ತೆಗೆದ. ಅಕ್ಕ ಮತ್ತೆ ಬೆರಳೆತ್ತಿದಳು. ಅವನು ಏನನ್ನೂ ಒತ್ತಿರಲಿಲ್ಲ. ಇನ್ನೊಮ್ಮೆ ಎತ್ತಿದಳು. ಸದ್ದಿಲ್ಲದ ಗೂಡಿನಲ್ಲಿ ಯಾರೋ ಅವಳನ್ನು ಕರೆಯುತ್ತಲೇ ಇದ್ದರು, ಅವಳು ಓಗೊಡುತ್ತಲೇ ಇದ್ದಳು.

"ಎಷ್ಟು ಪುಡಿ ಹಾಕಿದ್ರಿ ಬೀಪಪ್ಪ?" ಡಾಕ್ಟರಮ್ಮ ಕೇಳಿದರು.

"ಅದು... ಕೈ ಅಳತೆ ಡಾಕ್ಟ್ರೇ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಸೀಟಿ ಸಾಮಾನ್ಯವಾಗಿ ಇಳಿಯುತ್ತೆ. ಅಪರೂಪಕ್ಕೆ ಕೆಲವರಲ್ಲಿ ಉಳಿದೂ ಬಿಡುತ್ತೆ. ಆ ಬಾಟ್ಲಿ ಚೆಲ್ಲಿ. ಈಗ ಕಾಯೋದೊಂದೇ."

ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ಅಕ್ಕನಿಗೆ ತೊದಲುತ್ತ ಎಲ್ಲ ಹೇಳಿದ. ಬೈಗುಳಕ್ಕೆ ತಲೆಯೊಡ್ಡಿಯೇ ನಿಂತಿದ್ದ. ಅವಳು ಬೈಯಲಿಲ್ಲ.

"ಉಳಿದ್ಬಿಟ್ರೆ?" ಎಂದಳು, ಅಷ್ಟೇ.

ಮನೆಗೆ ಬಂದವನೇ ಉಳಿದ ಪಾಕವನ್ನು ಚರಂಡಿಗೆ ಚೆಲ್ಲಿದ. ಶೇಕರು, ಬಾಟಲಿ, ಕಲಕುವ ಉದ್ದ ಚಮಚ ಎಲ್ಲ ಅಟ್ಟ ಸೇರಿದವು. ಕೋತಿ ತಾನೂ ಕೆಟ್ಟು ವನವನ್ನೂ ಕೆಡಿಸಿತಂತೆ. ಈ ಕೋತಿ ಕೆಡಿಸಿದ್ದು ವನ ಮಾತ್ರ, ತನ್ನ ಎರಡೂ ಕಿವಿ ಗಟ್ಟಿಯಾಗಿದ್ದವು. ಅದೇ ನಾಚಿಕೆ. ಫೋನು ಮಾಡಿ "ಹೇಗಿದೆ ಅಕ್ಕ?" ಎಂದರೆ "ಇದೆ" ಎನ್ನುತ್ತಿದ್ದಳು. ಸಂಗೀತ ಶಾಲೆಯವರು ಬೇರೊಬ್ಬನನ್ನು ಕರೆಸಿಕೊಂಡರು ಎಂದು ಭಾವನಿಂದ ತಿಳಿಯಿತು. ಭಾವ ಈಗ ತಮಾಷೆ ಮಾಡುತ್ತಿರಲಿಲ್ಲ. ಅವನಿಗೆ ಅದೂ ಭಯ.

ವಾರದ ಬಳಿಕ ಮತ್ತೆ ಅವಳನ್ನು ಗೂಡಿನಲ್ಲಿ ಕೂರಿಸಿದ ದಿನ ಬೀಪ್ ಒತ್ತುವ ಧೈರ್ಯವೇ ಬರಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಅವಳ ಬೆರಳನ್ನೇ ನೋಡಿದ. ಬೆರಳು ಮಂಡಿಯ ಮೇಲಿತ್ತು. ಅಲ್ಲಾಡಲಿಲ್ಲ. ಇನ್ನೂ ಕಾದ. ಅಲ್ಲಾಡಲಿಲ್ಲ. ಅಕ್ಕನ ಮುಖ ಮಾತ್ರ ಬಿಳಿಚುತ್ತ ಹೋಯಿತು. ತಟ್ಟನೆ ಕಣ್ಣು ಬಿಟ್ಟವಳೇ ಹೆಡ್‌ಫೋನ್ ಕಿತ್ತು ಬಾಗಿಲು ದಬ್ಬಿದಳು.

"ಲೋ ಕತ್ತೆ, ಬೀಪ್ ಒತ್ತೋ! ಸೀಟಿನೂ ಇಲ್ಲ, ಬೀಪೂ ಇಲ್ಲ! ಕಿವುಡೇ ಆಗ್ಬಿಟ್ನೇನೋ ಅಂತ ಜೀವ ಹೋಗ್ತಿದೆ ನಂಗೆ!"

"ಒತ್ತೇ ಇಲ್ಲ ಅಕ್ಕ. ನಾನು ಒತ್ತೇ ಇಲ್ಲ. ಒಳಗೆ ಹೋಗು."

ಬಾಗಿಲು ಮುಚ್ಚಿತು. ಅವನು ಯಂತ್ರದ ಸದ್ದನ್ನು ಅತಿ ಕೆಳಕ್ಕೆ, ಹತ್ತರಲ್ಲಿ ಒಂಬತ್ತು ಜನಕ್ಕೆ ಕೇಳಿಸದಷ್ಟು ಕೆಳಕ್ಕೆ ಇಳಿಸಿದ. ಗುಂಡಿ ಒತ್ತಿದ.

ಗಾಜಿನ ಆಚೆ ಅಕ್ಕನ ಬೆರಳು ಮೆಲ್ಲಗೆ ಎದ್ದಿತು.